ನೋವಿನ ಇಂಜೆಕ್ಷನ್ನಿಗೆ ತೆರುವ ಬೆಲೆ

ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದ ಬಾಗಿಲಿಗೆ ಬರುವವರಲ್ಲಿ ಹೆಚ್ಚಿನವರನ್ನು ಅಲ್ಲಿಗೆ ಎಳೆದು ತರುವುದು ನೋವು. ಸ್ಕೂಟರಿನಿಂದ ಬಿದ್ದು ಮಣಿಕಟ್ಟು ಊದಿಸಿಕೊಂಡವರು, ಸೊಂಟ ಹಿಡಿದುಕೊಂಡು ನೆಟ್ಟಗೆ ನಿಲ್ಲಲಾಗದವರು, ಮೂತ್ರಪಿಂಡದ ಕಲ್ಲಿನ ಶೂಲೆಗೆ ಹಾಸಿಗೆಯ ಮೇಲೆ ಹೊರಳಾಡುವವರು. ಜೊತೆಗೆ ಬಂದವರ ಬೇಡಿಕೆ ಮಾತ್ರ ಎಲ್ಲೆಲ್ಲೂ ಒಂದೇ: ‘ಡಾಕ್ಟ್ರೇ, ಮೊದಲು ಒಂದು ಸ್ಟ್ರಾಂಗ್ ಇಂಜೆಕ್ಷನ್ ಹಾಕಿಬಿಡಿ, ಮಿಕ್ಕಿದ್ದು ಆಮೇಲೆ ನೋಡೋಣ.’

ಈ ಬೇಡಿಕೆಯ ಹಿಂದೆ ಎರಡು ನಂಬಿಕೆಗಳಿವೆ. ಮದ್ದು ಜೋರಾದಷ್ಟೂ ನೋವು ಬೇಗ ಇಳಿಯುತ್ತದೆ ಎಂಬುದು ಒಂದು. ಅಡ್ಡಪರಿಣಾಮವೇನಿದ್ದರೂ ಅದು ಆಮೇಲಿನ ಮಾತು ಎಂಬುದು ಇನ್ನೊಂದು. ಬಹುಕಾಲ ವೈದ್ಯರೂ ಹೆಚ್ಚು ಕಡಿಮೆ ಹೀಗೇ ಯೋಚಿಸುತ್ತಿದ್ದರು. ಆದರೆ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ತುರ್ತು ವಿಭಾಗಗಳಲ್ಲಿಯೇ ರೋಗಿಗಳನ್ನು ಗುಂಪುಗಳಾಗಿ ವಿಂಗಡಿಸಿ, ಒಂದೊಂದು ಗುಂಪಿಗೆ ಒಂದೊಂದು ಮದ್ದು ಕೊಟ್ಟು ಹೋಲಿಸಿ ನೋಡಿದ ಅಧ್ಯಯನಗಳು ಬೇರೆಯೇ ಕತೆ ಹೇಳುತ್ತವೆ. ಅನೇಕ ಬಗೆಯ ನೋವುಗಳಲ್ಲಿ ಮದ್ದು ಮದ್ದುಗಳ ನಡುವೆ ಶಮನದ ಅಂತರ ತೀರಾ ಕಡಿಮೆ. ಅಡ್ಡಪರಿಣಾಮಗಳ ಅಂತರವೇ ಹೆಚ್ಚು.

ಎರಡು ಕುಟುಂಬ, ಎರಡು ದಾರಿ

ತುರ್ತು ವಿಭಾಗದಲ್ಲಿ ಬಳಕೆಯಾಗುವ ನೋವು ನಿವಾರಕಗಳಲ್ಲಿ ಮುಖ್ಯವಾದ ಕುಟುಂಬಗಳು ಎರಡು. ಮೊದಲನೆಯದು ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್, ಕೆಟೋರೊಲಾಕ್‌ಗಳ ಕುಟುಂಬ. ಇವು ನೋವಿನ ಜಾಗದಲ್ಲಿಯೇ ಕೆಲಸ ಮಾಡುತ್ತವೆ. ಪೆಟ್ಟು ಬಿದ್ದ ಅಂಗಾಂಶದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ಹುಟ್ಟಿ ಊತವನ್ನೂ ನೋವನ್ನೂ ಹೆಚ್ಚಿಸುತ್ತವೆ. ಈ ಮದ್ದುಗಳು ಆ ಉತ್ಪಾದನೆಯನ್ನೇ ತಡೆಯುತ್ತವೆ ಎಂಬುದನ್ನು 1971ರಲ್ಲಿ ತೋರಿಸಿಕೊಟ್ಟವರು ಇಂಗ್ಲೆಂಡಿನ ಜಾನ್ ವೇನ್. 1982ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದ ಪಾಲು ಸಂದಿತು.

ತೊಡಕಿರುವುದು ಇಲ್ಲೇ. ಪ್ರೊಸ್ಟಾಗ್ಲಾಂಡಿನ್ ಬರೀ ನೋವು ಕೊಡುವ ವಸ್ತುವಲ್ಲ. ಜಠರದ ಒಳಪದರವನ್ನು ಅದರದೇ ಆಮ್ಲದಿಂದ ಕಾಯುವುದೂ ಅದೇ, ಮೂತ್ರಪಿಂಡಕ್ಕೆ ಹರಿಯುವ ರಕ್ತ ಕಡಿಮೆಯಾಗದಂತೆ ನೋಡಿಕೊಳ್ಳುವುದೂ ಅದೇ. ನೋವಿನ ಜಾಗದಲ್ಲಿ ಅದನ್ನು ತಡೆದರೆ ಹೊಟ್ಟೆಯಲ್ಲೂ ಮೂತ್ರಪಿಂಡದಲ್ಲೂ ತಡೆದಂತೆಯೇ. ಹೊಟ್ಟೆಯ ಹುಣ್ಣು, ರಕ್ತಸ್ರಾವ, ಮೂತ್ರಪಿಂಡದ ಮೇಲಿನ ಹೊಡೆತ ಈ ಕುಟುಂಬದ ಅಡ್ಡಪರಿಣಾಮಗಳಾದದ್ದು ಹೀಗೆ.

ಎರಡನೆಯದು ಅಫೀಮಿನ ಕುಟುಂಬ. ಮಾರ್ಫಿನ್, ಕೋಡೀನ್, ಆಕ್ಸಿಕೋಡೋನ್, ಪೆಥಿಡಿನ್, ಟ್ರಮಡಾಲ್ ಮುಂತಾದವು ಇದಕ್ಕೆ ಸೇರುತ್ತವೆ. ಇವು ಗಾಯದ ಗೊಡವೆಗೆ ಹೋಗದೆ ಮಿದುಳು, ಬೆನ್ನುಹುರಿಗಳಲ್ಲಿ ನೋವಿನ ಸುದ್ದಿ ತಲುಪುವ ದಾರಿಯನ್ನು ತಡೆಯುತ್ತವೆ. ಅದೇ ಮಿದುಳಿನಲ್ಲಿ ವಾಂತಿಯ ಕೇಂದ್ರವೂ ಇದೆ, ಉಸಿರಾಟದ ಕೇಂದ್ರವೂ ಇದೆ. ಆದ್ದರಿಂದ ಓಕರಿಕೆ, ತಲೆಸುತ್ತು, ತೂಕಡಿಕೆ, ಮಲಬದ್ಧತೆ ಇವುಗಳ ಬೆನ್ನಿಗೇ ಬರುತ್ತವೆ. ಪ್ರಮಾಣ ಮೀರಿದರೆ ಉಸಿರಾಟವೇ ನಿಧಾನವಾಗುತ್ತದೆ. ಇವೆರಡರಿಂದಲೂ ಬೇರೆಯಾಗಿ ನಿಂತಿರುವುದು ಪ್ಯಾರಾಸಿಟಮಾಲ್. ಅದು ಹೊಟ್ಟೆಯನ್ನು ಸುಡುವುದಿಲ್ಲ, ಮಂಪರು ತರುವುದಿಲ್ಲ. ಆದರೆ ಮಿತಿ ಮೀರಿದರೆ ಯಕೃತ್ತನ್ನು ಕೆಡಿಸುತ್ತದೆ.

ದೋಹಾದ ತುಲನೆ

ಈ ಮೂರನ್ನೂ ಒಂದೇ ನೋವಿನಲ್ಲಿ ಎದುರಾ ಬದುರು ನಿಲ್ಲಿಸಿದರೆ ಏನಾಗುತ್ತದೆ? ಕತಾರ್‌ನ ರಾಜಧಾನಿ ದೋಹಾದ ಹಮದ್ ಜನರಲ್ ಆಸ್ಪತ್ರೆಯ ತುರ್ತು ವಿಭಾಗ ಇದನ್ನು ಮಾಡಿ ನೋಡಿತು. ಆರಿಸಿಕೊಂಡದ್ದು ಮೂತ್ರಪಿಂಡದ ಕಲ್ಲಿನ ನೋವು. ಹೆರಿಗೆ ನೋವಿಗೆ ಸಮ ಎಂದು ಜನ ಹೇಳುವ ನೋವು ಅದು. ಕೊಲ್ಲಿ ದೇಶಗಳ ಬಿಸಿಲಿಗೆ ಮೈಯ ನೀರು ಆರಿ ಕಲ್ಲು ಕಟ್ಟುವುದು ಅಲ್ಲಿ ಅಪರೂಪವಲ್ಲ. ಕರಾವಳಿಯಿಂದ ಅಲ್ಲಿಗೆ ದುಡಿಯಲು ಹೋದವರ ಮನೆಗಳಿಗೂ ಇದು ಹೊಸ ಸುದ್ದಿಯೇನಲ್ಲ.

2016ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಹದಿನಾರು ನೂರಕ್ಕೂ ಹೆಚ್ಚು ರೋಗಿಗಳಿದ್ದರು. ಒಂದು ಗುಂಪಿಗೆ 75 ಮಿಲಿಗ್ರಾಂ ಡೈಕ್ಲೋಫೆನಾಕ್ ಸ್ನಾಯುವಿಗೆ, ಇನ್ನೊಂದಕ್ಕೆ ತೂಕಕ್ಕೆ ತಕ್ಕಂತೆ ಮಾರ್ಫಿನ್ ರಕ್ತನಾಳಕ್ಕೆ, ಮೂರನೆಯದಕ್ಕೆ 1 ಗ್ರಾಂ ಪ್ಯಾರಾಸಿಟಮಾಲ್ ರಕ್ತನಾಳಕ್ಕೆ. ಯಾರಿಗೆ ಯಾವ ಮದ್ದು ಹೋಯಿತೆಂಬುದು ರೋಗಿಗೂ ಗೊತ್ತಿಲ್ಲ, ನೋಡಿಕೊಳ್ಳುವ ವೈದ್ಯರಿಗೂ ಗೊತ್ತಿಲ್ಲ. ಅರ್ಧ ಗಂಟೆಯಲ್ಲಿ ನೋವು ಅರ್ಧಕ್ಕರ್ಧ ಇಳಿದವರೆಷ್ಟು ಎಂದು ಲೆಕ್ಕ ಹಾಕಿದರು. ಡೈಕ್ಲೋಫೆನಾಕ್ ಗುಂಪಿನಲ್ಲಿ ನೂರಕ್ಕೆ 68, ಪ್ಯಾರಾಸಿಟಮಾಲ್ ಗುಂಪಿನಲ್ಲಿ 66, ಮಾರ್ಫಿನ್ ಗುಂಪಿನಲ್ಲಿ 61. ಎಲ್ಲಕ್ಕಿಂತ ‘ಸ್ಟ್ರಾಂಗ್’ ಎನಿಸಿಕೊಂಡದ್ದು ಕೊನೆಯ ಸ್ಥಾನದಲ್ಲಿತ್ತು. ಆ ಹೊತ್ತಿನಲ್ಲಿ ಕಾಣಿಸಿಕೊಂಡ ಅಡ್ಡಪರಿಣಾಮಗಳು ಮಾರ್ಫಿನ್ ಪಡೆದವರಲ್ಲಿ ನೂರಕ್ಕೆ 3, ಉಳಿದ ಎರಡು ಗುಂಪುಗಳಲ್ಲಿ ನೂರಕ್ಕೆ 1.

ಕಲ್ಲಿನ ನೋವಿಗೆ ಡೈಕ್ಲೋಫೆನಾಕ್ ಹೊಂದಿಕೊಳ್ಳುವುದಕ್ಕೆ ಕಾರಣವೂ ಇದೆ. ಕಲ್ಲು ಮೂತ್ರನಾಳದಲ್ಲಿ ಸಿಕ್ಕಿಕೊಂಡಾಗ ಮೂತ್ರಪಿಂಡದ ಒಳಗಿನ ಒತ್ತಡ ಏರುವುದು ಪ್ರೊಸ್ಟಾಗ್ಲಾಂಡಿನ್ನಿನ ಕೈವಾಡದಿಂದಲೇ. ಮದ್ದು ನೇರವಾಗಿ ಆ ಬೇರಿಗೇ ಕೈ ಹಾಕುತ್ತದೆ. ಮಾರ್ಫಿನ್ ಮಿದುಳಿನಲ್ಲಿ ಕುಳಿತು ನೋವಿನ ಸುದ್ದಿಯನ್ನಷ್ಟೇ ತಡೆಯುತ್ತದೆ.

ನಾಲ್ಕು ಮಾತ್ರೆ, ಒಂದೇ ಫಲ

ಇನ್ನೊಂದು ಹೋಲಿಕೆ ಅಮೆರಿಕೆಯದು. ನ್ಯೂಯಾರ್ಕಿನ ಬ್ರಾಂಕ್ಸ್‌ನ ಎರಡು ತುರ್ತು ವಿಭಾಗಗಳಿಗೆ ಕೈಕಾಲು ನೋವೆಂದು ಬಂದ 416 ಮಂದಿಯನ್ನು ನಾಲ್ಕು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಐಬುಪ್ರೊಫೆನ್ 400 ಮಿಲಿಗ್ರಾಂ ಮತ್ತು ಪ್ಯಾರಾಸಿಟಮಾಲ್ 1000 ಮಿಲಿಗ್ರಾಂ. ಉಳಿದ ಮೂರಕ್ಕೆ ಪ್ಯಾರಾಸಿಟಮಾಲ್ ಜೊತೆಗೆ ಅಫೀಮು ಕುಟುಂಬದ ಒಂದೊಂದು ಮದ್ದು: ಆಕ್ಸಿಕೋಡೋನ್, ಹೈಡ್ರೋಕೋಡೋನ್, ಕೋಡೀನ್. ನೋವನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕದಲ್ಲಿ ರೋಗಿಯೇ ಹೇಳಬೇಕು. ಬಂದಾಗ ಸರಾಸರಿ 8.7 ಇದ್ದ ಅಂಕ ಎರಡು ಗಂಟೆಯ ನಂತರ ಐಬುಪ್ರೊಫೆನ್ ಗುಂಪಿನಲ್ಲಿ 4.3ರಷ್ಟು ಇಳಿಯಿತು. ಆಕ್ಸಿಕೋಡೋನ್ ಗುಂಪಿನಲ್ಲಿ 4.4, ಹೈಡ್ರೋಕೋಡೋನ್ ಗುಂಪಿನಲ್ಲಿ 3.5, ಕೋಡೀನ್ ಗುಂಪಿನಲ್ಲಿ 3.9. ರೋಗಿಗೆ ‘ಹೌದು, ವ್ಯತ್ಯಾಸವಾಯಿತು’ ಎನಿಸಲು ಕನಿಷ್ಠ 1.3 ಅಂಕಗಳ ಅಂತರ ಬೇಕೆಂದು ಅಧ್ಯಯನದವರು ಮೊದಲೇ ನಿಗದಿ ಮಾಡಿದ್ದರು. ಅಷ್ಟು ಅಂತರ ಯಾವ ಎರಡು ಗುಂಪುಗಳ ನಡುವೆಯೂ ಕಾಣಲಿಲ್ಲ. 2017ರಲ್ಲಿ ಇದು ಪ್ರಕಟವಾದಾಗ ಅಮೆರಿಕದಲ್ಲಿ ದೊಡ್ಡ ಚರ್ಚೆಯಾಯಿತು. 2021ರಲ್ಲಿ ಹೊರಬಂದ, 600 ರೋಗಿಗಳ ಇನ್ನೊಂದು ಅಧ್ಯಯನವೂ ಇದೇ ಮಾತು ಹೇಳಿತು. ಅದರಲ್ಲಿ ಓಕರಿಕೆ, ವಾಂತಿಗಳ ಲೆಕ್ಕವನ್ನೂ ಇಟ್ಟಿದ್ದರು. ಅವು ಅಫೀಮು ವರ್ಗದ ಮದ್ದು ನುಂಗಿದವರಲ್ಲೇ ಹೆಚ್ಚು.

ಅಡ್ಡಪರಿಣಾಮವನ್ನು ಎಣಿಸುವುದು ಕಾಣುವಷ್ಟು ಸುಲಭವಲ್ಲ. ಮಾತ್ರೆ ನುಂಗಿದ ಮೇಲೆ ತಲೆ ಸುತ್ತಿದರೆ ಅದು ಮಾತ್ರೆಯಿಂದಲೋ, ನೋವಿನಿಂದಲೋ, ರಾತ್ರಿ ನಿದ್ದೆಗೆಟ್ಟಿದ್ದರಿಂದಲೋ? ಇದಕ್ಕೆ ಉತ್ತರ ಸಿಗಬೇಕಾದರೆ ಒಂದು ಗುಂಪಿಗೆ ಹುಸಿ ಮಾತ್ರೆ ಕೊಡಲೇಬೇಕು. ಬ್ರಾಂಕ್ಸ್‌ನಲ್ಲಿಯೇ ಸೊಂಟನೋವಿನಿಂದ ತುರ್ತು ವಿಭಾಗಕ್ಕೆ ಬಂದ 323 ಮಂದಿಯ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ಇಂಥದ್ದು. ಎಲ್ಲರಿಗೂ ನ್ಯಾಪ್ರೊಕ್ಸೆನ್ ಮಾತ್ರೆ ಇದ್ದೇ ಇತ್ತು. ಅದರ ಜೊತೆಗೆ ಒಂದು ಗುಂಪಿಗೆ ಆಕ್ಸಿಕೋಡೋನ್, ಇನ್ನೊಂದಕ್ಕೆ ಸ್ನಾಯು ಸಡಿಲಿಸುವ ಸೈಕ್ಲೋಬೆಂಜಾಪ್ರಿನ್, ಮೂರನೆಯದಕ್ಕೆ ಹುಸಿ ಮಾತ್ರೆ. ವಾರದ ನಂತರ ಬಗ್ಗಿ ಏಳುವ, ನಡೆದಾಡುವ ಶಕ್ತಿಯಲ್ಲಿ ಮೂರು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರವೇನೂ ಇರಲಿಲ್ಲ. ಅಡ್ಡಪರಿಣಾಮ ಹೇಳಿಕೊಂಡವರು ಮಾತ್ರ ಆಕ್ಸಿಕೋಡೋನ್ ಗುಂಪಿನಲ್ಲಿ ನೂರಕ್ಕೆ 40, ಸೈಕ್ಲೋಬೆಂಜಾಪ್ರಿನ್ ಗುಂಪಿನಲ್ಲಿ 34, ಹುಸಿ ಮಾತ್ರೆಯ ಗುಂಪಿನಲ್ಲಿ 21.

ಕೊನೆಯ ಸಂಖ್ಯೆಯನ್ನು ಗಮನಿಸಬೇಕು. ಹೆಚ್ಚುವರಿಯಾಗಿ ಏನೂ ಮದ್ದು ಹೋಗದ ಗುಂಪಿನಲ್ಲೂ ಐವರಲ್ಲಿ ಒಬ್ಬರಿಗೆ ಏನೋ ಒಂದು ತೊಂದರೆಯಾಗಿದೆ. ಆದ್ದರಿಂದ ಆಕ್ಸಿಕೋಡೋನಿನ ನಿಜವಾದ ಬೆಲೆ ನೂರಕ್ಕೆ 40 ಅಲ್ಲ, 40ರಲ್ಲಿ 21 ಕಳೆದು ಉಳಿದದ್ದು, ಅಂದರೆ 19. ಐದಾರು ಮಂದಿಗೆ ಕೊಟ್ಟರೆ ಒಬ್ಬರಿಗೆ ಆ ಮಾತ್ರೆಯಿಂದಲೇ ತೊಂದರೆ. ಪ್ರತಿಯಾಗಿ ಸಿಕ್ಕ ಲಾಭ ಏನೂ ಇಲ್ಲ.

ಪ್ರಮಾಣ ಮತ್ತು ವೇಗ

ಅತಿಯಾದರೆ ಅಮೃತವೂ ವಿಷ ಎಂಬ ಗಾದೆಯನ್ನು ಬ್ರೂಕ್ಲಿನ್‌ನ ಮೈಮೊನಿಡೀಸ್ ವೈದ್ಯಕೀಯ ಕೇಂದ್ರದ ತುರ್ತು ವಿಭಾಗದವರು ಅಳೆದೇ ನೋಡಿದರು. ಕೆಟೋರೊಲಾಕ್ ಎಂಬ ಇಂಜೆಕ್ಷನ್ನನ್ನು ರಕ್ತನಾಳಕ್ಕೆ 30 ಮಿಲಿಗ್ರಾಂ ಕೊಡುವುದು ವಾಡಿಕೆ. ಅವರು 240 ರೋಗಿಗಳನ್ನು ಮೂರು ಪಾಲು ಮಾಡಿ 10, 15, 30 ಮಿಲಿಗ್ರಾಂ ಕೊಟ್ಟರು. ಅರ್ಧ ಗಂಟೆಯ ನಂತರ ಮೂರೂ ಗುಂಪುಗಳಲ್ಲಿ ನೋವು ಒಂದೇ ಸಮ ಇಳಿದಿತ್ತು. 2017ರಲ್ಲಿ ಪ್ರಕಟವಾದ ಈ ಫಲಿತಾಂಶದ ಅರ್ಥ ಸರಳ. ಈ ಮದ್ದಿಗೆ ಒಂದು ಛಾವಣಿ ಇದೆ. ಅದನ್ನು ಮುಟ್ಟಿದ ಮೇಲೆ ಎಷ್ಟು ಹೆಚ್ಚಿಸಿದರೂ ನೋವು ಮತ್ತೆ ಇಳಿಯುವುದಿಲ್ಲ. ಆದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಅಪಾಯಕ್ಕೆ ಅಂಥ ಛಾವಣಿ ಇಲ್ಲ, ಅದು ಪ್ರಮಾಣದ ಜೊತೆಗೇ ಏರುತ್ತದೆ.

ಅದೇ ಆಸ್ಪತ್ರೆಯಲ್ಲಿ ಕೆಟಮಿನ್ ಎಂಬ ಇನ್ನೊಂದು ಮದ್ದನ್ನೂ ಪರೀಕ್ಷಿಸಿದರು. ಅರಿವಳಿಕೆಗೆ ಬಳಸುವ ಈ ಮದ್ದನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಮಾರ್ಫಿನ್‌ನಷ್ಟೇ ನೋವು ಇಳಿಸುತ್ತದೆ ಎಂಬುದು 2015ರಲ್ಲಿ 90 ರೋಗಿಗಳ ಹೋಲಿಕೆಯಿಂದ ಗೊತ್ತಾಯಿತು. ಆದರೆ ಅದನ್ನು ಪಡೆದವರಿಗೆ ಕೆಲವು ನಿಮಿಷ ತಾನು ತಾನಲ್ಲ, ಸುತ್ತಲಿನದೆಲ್ಲ ನಿಜವಲ್ಲ ಎಂಬಂಥ ವಿಚಿತ್ರ ಭಾವನೆ ಬರುತ್ತಿತ್ತು. ಮುಂದೆ 48 ಮಂದಿಯಲ್ಲಿ ಇದನ್ನು ಎರಡು ಬಗೆಯಲ್ಲಿ ಕೊಟ್ಟು ನೋಡಿದರು. ಒಂದೇ ಸಲ ಸಿರಿಂಜಿನಿಂದ ತಳ್ಳಿದಾಗ ಈ ಭಾವನೆ ಬಂದದ್ದು ನೂರಕ್ಕೆ 92 ಮಂದಿಗೆ. ಸಲೈನಿನಲ್ಲಿ ಬೆರೆಸಿ ಹದಿನೈದು ನಿಮಿಷ ನಿಧಾನವಾಗಿ ಬಿಟ್ಟಾಗ ನೂರಕ್ಕೆ 54 ಮಂದಿಗೆ. ನೋವು ಇಳಿದದ್ದು ಎರಡರಲ್ಲೂ ಒಂದೇ ರೀತಿ. ಮದ್ದು ಅದೇ, ಪ್ರಮಾಣವೂ ಅದೇ, ಕೈಯ ಆತುರ ಮಾತ್ರ ಬೇರೆ.

ಗಡಿಯಾರದ ಆಚೆಗಿನ ಲೆಕ್ಕ

ಇಷ್ಟೆಲ್ಲ ಆದರೂ ಈ ಅಧ್ಯಯನಗಳಿಗೆ ಒಂದು ಮಿತಿಯಿದೆ. ಹೆಚ್ಚಿನವುಗಳ ಗಡಿಯಾರ ಒಂದೆರಡು ಗಂಟೆಗೆ ನಿಂತುಬಿಡುತ್ತದೆ. ಓಕರಿಕೆ, ತಲೆಸುತ್ತು ಅಷ್ಟರೊಳಗೆ ಕಾಣುತ್ತವೆ. ಮೂರನೆಯ ದಿನ ಮಲ ಕಪ್ಪಗಾದರೆ, ವಾರದ ನಂತರ ಮೂತ್ರ ಕಡಿಮೆಯಾದರೆ ಅದು ತುರ್ತು ವಿಭಾಗದ ಪುಸ್ತಕಕ್ಕೆ ಏರುವುದಿಲ್ಲ.

ವರ್ಷದ ನಂತರ ಕಾಣುವ ಅಡ್ಡಪರಿಣಾಮವೂ ಉಂಟು. ಅಮೆರಿಕದಲ್ಲಿ ಹಿರಿಯರ ಸರಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ದಾಖಲೆಗಳನ್ನು ಆಧರಿಸಿ 2017ರಲ್ಲಿ ಒಂದು ವಿಶ್ಲೇಷಣೆ ಹೊರಬಂತು. ಒಂದೇ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕೆಲಸ ಮಾಡುವ ವೈದ್ಯರಲ್ಲೇ ಕೆಲವರು ನೂರಕ್ಕೆ 24 ರೋಗಿಗಳಿಗೆ ಅಫೀಮು ವರ್ಗದ ಮಾತ್ರೆ ಬರೆದುಕೊಡುತ್ತಿದ್ದರೆ, ಇನ್ನು ಕೆಲವರು 7 ಮಂದಿಗಷ್ಟೇ ಬರೆಯುತ್ತಿದ್ದರು. ಯಾರ ಕೈಗೆ ಸಿಗುವುದೆಂಬುದು ರೋಗಿಯ ಅದೃಷ್ಟ. ಮೊದಲ ಬಗೆಯ ವೈದ್ಯರನ್ನು ಕಂಡವರಲ್ಲಿ ಮುಂದಿನ ವರ್ಷ ದೀರ್ಘಕಾಲ ಆ ಮಾತ್ರೆಗಳಿಗೆ ಅಂಟಿಕೊಂಡವರು ನೂರಕ್ಕೆ 1.51, ಎರಡನೆಯವರನ್ನು ಕಂಡವರಲ್ಲಿ 1.16. ಸಂಖ್ಯೆ ಸಣ್ಣದೇ. ಆದರೆ ಲಕ್ಷಾಂತರ ಚೀಟಿಗಳಿಂದ ಗುಣಿಸಿದಾಗ ಅದು ಸಣ್ಣದಾಗಿ ಉಳಿಯುವುದಿಲ್ಲ. ಅಮೆರಿಕದಲ್ಲಿ 2021ರ ಒಂದೇ ವರ್ಷ ಅಫೀಮು ವರ್ಗದ ಮದ್ದುಗಳ ಅತಿಸೇವನೆಯಿಂದ 80 ಸಾವಿರ ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಕಳ್ಳ ಮಾರುಕಟ್ಟೆಯ ಫೆಂಟನಿಲ್ ಎಂಬುದು ನಿಜ. ಆದರೆ ಆ ಪಿಡುಗು ಮೊದಲು ಬೆಳೆದದ್ದು ವೈದ್ಯರ ಚೀಟಿಯಿಂದಲೇ.

ಎರಡನೆಯ ಮಿತಿ, ಅಧ್ಯಯನದೊಳಕ್ಕೆ ಯಾರನ್ನು ಬಿಟ್ಟುಕೊಂಡರು ಎಂಬುದು. ದೋಹಾದಲ್ಲೂ ಕೆಟೋರೊಲಾಕ್ ಅಧ್ಯಯನದಲ್ಲೂ 65 ವರ್ಷ ದಾಟಿದವರಿಗೆ ಜಾಗವಿರಲಿಲ್ಲ. ಇಂಥ ಪರೀಕ್ಷೆಗಳು ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ ಇರುವವರನ್ನೂ ಗರ್ಭಿಣಿಯರನ್ನೂ ಸಾಮಾನ್ಯವಾಗಿ ಹೊರಗಿಡುತ್ತವೆ. ಅದು ಸರಿಯಾದ ಎಚ್ಚರಿಕೆಯೇ. ಆದರೆ ಆ ಗುಂಪಿನಲ್ಲಿ ಡೈಕ್ಲೋಫೆನಾಕ್‌ನ ಅಡ್ಡಪರಿಣಾಮ ನೂರಕ್ಕೆ ಒಂದು ಎಂದಾಗ, ರಕ್ತದೊತ್ತಡಕ್ಕೂ ಸಕ್ಕರೆ ಕಾಯಿಲೆಗೂ ದಿನಕ್ಕೆ ಆರು ಮಾತ್ರೆ ನುಂಗುವ ಎಪ್ಪತ್ತರ ಅಜ್ಜನಿಗೂ ಅಷ್ಟೇ ಎಂದುಕೊಳ್ಳುವಂತಿಲ್ಲ. ರಕ್ತದೊತ್ತಡದ ಕೆಲವು ಮಾತ್ರೆಗಳು ಮತ್ತು ಮೂತ್ರ ಹೆಚ್ಚಿಸುವ ಮಾತ್ರೆಗಳ ಮೇಲೆ ಈ ಇಂಜೆಕ್ಷನ್ನೂ ಬಿದ್ದರೆ ಮೂತ್ರಪಿಂಡಕ್ಕೆ ಮೂರು ಕಡೆಯಿಂದ ಹೊಡೆತ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೆ ರಕ್ತಸ್ರಾವದ ಭಯ. ಕೆಲವು ಅಸ್ತಮಾ ರೋಗಿಗಳಿಗೆ ಆಸ್ಪಿರಿನ್ ಕುಟುಂಬದ ಒಂದೇ ಮಾತ್ರೆಯಿಂದ ಉಸಿರು ಕಟ್ಟುತ್ತದೆ.

ಎರಡು ಮದ್ದು ಸೇರಿದಾಗ ಏನಾಗಬಹುದು ಎಂಬುದಕ್ಕೆ 1984ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಒಂದು ದುರಂತ ಸಾಕ್ಷಿ. ಜ್ವರ, ಚಡಪಡಿಕೆಯೆಂದು ತುರ್ತು ವಿಭಾಗಕ್ಕೆ ಬಂದ 18 ವರ್ಷದ ಹುಡುಗಿಗೆ ಮೈನಡುಕ ನಿಲ್ಲಲೆಂದು ಪೆಥಿಡಿನ್ ಕೊಡಲಾಯಿತು. ಅವಳು ಖಿನ್ನತೆಗೆ ಫೆನೆಲ್ಜಿನ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಇವೆರಡೂ ಒಂದೇ ಮೈಯಲ್ಲಿ ಸೇರಬಾರದು. ಕೆಲವೇ ಗಂಟೆಗಳಲ್ಲಿ ಜ್ವರ ವಿಪರೀತಕ್ಕೇರಿ ಅವಳು ತೀರಿಕೊಂಡಳು. ನಿದ್ದೆಗೆಟ್ಟ ಕಿರಿಯ ವೈದ್ಯರ ದುಡಿಮೆಯ ಅವಧಿಯ ಬಗ್ಗೆ ದೊಡ್ಡ ವಾಗ್ವಾದವೆದ್ದು, 1989ರಲ್ಲಿ ನ್ಯೂಯಾರ್ಕ್ ರಾಜ್ಯ ಅದನ್ನು ವಾರಕ್ಕೆ 80 ಗಂಟೆಗೆ ಮಿತಿಗೊಳಿಸಿತು.

ನಮ್ಮಲ್ಲಿಯ ಮಾತು

ಭಾರತದ ಚಿತ್ರ ಇದಕ್ಕಿಂತ ಬೇರೆ. ಮಧ್ಯಪ್ರದೇಶ, ರಾಜಸ್ಥಾನಗಳಲ್ಲಿ ಸರಕಾರದ ಪರವಾನಗಿಯಲ್ಲಿ ಅಫೀಮು ಬೆಳೆದರೂ 1985ರ ಮಾದಕ ವಸ್ತು ಕಾನೂನಿನ ಬಿಗಿಯಿಂದಾಗಿ ಮಾರ್ಫಿನ್ ಆಸ್ಪತ್ರೆಗಳಲ್ಲೇ ಅಪರೂಪವಾಯಿತು. ಕ್ಯಾನ್ಸರ್ ನೋವಿನವರು ನರಳಿದ ಮೇಲೆ 2014ರಲ್ಲಿ ತಿದ್ದುಪಡಿ ಬಂತು. ಮಾರ್ಫಿನ್ ಜಾಗದಲ್ಲಿ ಹರಡಿದ ಟ್ರಮಡಾಲ್ ಓಕರಿಕೆಗೆ ಹೆಸರಾದದ್ದು. ಕೆಲವರಲ್ಲಿ ಅಪಸ್ಮಾರದಂಥ ಸೆಳವನ್ನೂ ತರುತ್ತದೆ. 2018ರಲ್ಲಿ ಅದನ್ನೂ ಅದೇ ಕಾನೂನಿನಡಿ ತರಲಾಯಿತು. ಹೀಗಾಗಿ ನಮ್ಮಲ್ಲಿ ಅಮೆರಿಕದಷ್ಟು ಚಟದ ಭಯವಿಲ್ಲ. ನಮ್ಮ ಭಯ ಇನ್ನೊಂದು ಕುಟುಂಬದ್ದು. ಡೈಕ್ಲೋಫೆನಾಕ್ ಇಂಜೆಕ್ಷನ್ ಹಳ್ಳಿಯ ಕ್ಲಿನಿಕ್ಕಿನಲ್ಲೂ ಸಿಗುತ್ತದೆ. ಮಾತ್ರೆಗಿಂತ ಸೂಜಿ ಮೇಲು ಎಂಬ ನಂಬಿಕೆಯೂ ಬಲವಾಗಿದೆ. ಪಿರ್ರೆಗೆ ಹಾಕುವ ಸೂಜಿ ಜಾಗ ತಪ್ಪಿ ಕಾಲಿನ ದೊಡ್ಡ ನರಕ್ಕೆ ತಗುಲಿದರೆ ಪಾದವೇ ಜೋತು ಬೀಳಬಹುದೆಂಬುದು ಬಹಳ ಮಂದಿಗೆ ಗೊತ್ತಿಲ್ಲ. ನುಂಗಲಾಗುವ, ವಾಂತಿಯಿಲ್ಲದ ರೋಗಿಗೆ ಎಷ್ಟೋ ನೋವುಗಳಲ್ಲಿ ಮಾತ್ರೆಯೇ ಸಾಕು.

ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು. ಮೈಕೈ ನೋವು, ಜ್ವರ ಎಂದು ಬಂದವರಲ್ಲಿ ಡೆಂಗ್ಯೂ ಇರಬಹುದು. ಡೆಂಗ್ಯೂವಿನಲ್ಲಿ ರಕ್ತ ಹೆಪ್ಪುಗಟ್ಟಿಸುವ ಕಣಗಳು ಕುಸಿಯುತ್ತವೆ. ಆಗ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೊಟ್ಟರೆ ರಕ್ತಸ್ರಾವಕ್ಕೆ ದಾರಿ ಮಾಡಿಕೊಟ್ಟಂತೆ. ಅಲ್ಲಿ ಪ್ಯಾರಾಸಿಟಮಾಲ್ ಒಂದೇ ಗತಿ. ಅದಕ್ಕೂ ಮಿತಿಯಿದೆ: ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೀರಬಾರದು, ಯಕೃತ್ತಿನ ಕಾಯಿಲೆ ಇರುವವರಿಗೆ, ನಿತ್ಯ ಕುಡಿಯುವವರಿಗೆ ಇನ್ನೂ ಕಡಿಮೆ. ನೆಗಡಿಯ ಮಾತ್ರೆ, ಸೊಂಟನೋವಿನ ಮಾತ್ರೆ, ಜ್ವರದ ಮಾತ್ರೆ ಎಂದು ಬೇರೆ ಬೇರೆ ಹೆಸರಿನಲ್ಲಿ ನುಂಗುವುದರೊಳಗೆಲ್ಲ ಇದೇ ಪ್ಯಾರಾಸಿಟಮಾಲ್ ಅಡಗಿರುತ್ತದೆ. ಲೆಕ್ಕ ತಪ್ಪುವುದು ಅಲ್ಲೇ.

ಅಡ್ಡಪರಿಣಾಮಗಳ ಈ ಪಟ್ಟಿ ನೋಡಿ ನೋವನ್ನು ಸಹಿಸಿಕೊಂಡೇ ಇರುವುದು ಮೇಲು ಎಂದುಕೊಂಡರೆ ಅದೂ ತಪ್ಪು. ಹೊಟ್ಟೆನೋವಿಗೆ ಮೊದಲೇ ಮದ್ದು ಕೊಟ್ಟರೆ ಅಪೆಂಡಿಸೈಟಿಸ್ ಮುಚ್ಚಿಹೋಗುತ್ತದೆ, ಸರ್ಜನ್ ಬಂದು ನೋಡುವವರೆಗೆ ಕೊಡಬಾರದು ಎಂಬುದು ಹಿಂದೆ ವೈದ್ಯಲೋಕದ ಕಟ್ಟಾಜ್ಞೆ. ಲಂಡನ್ನಿನ ಸರ್ಜನ್ ಜಕಾರಿ ಕೋಪ್ 1921ರಲ್ಲಿ ಬರೆದ ಪ್ರಸಿದ್ಧ ಪಠ್ಯಪುಸ್ತಕದ ಮಾತೂ ಅದೇ ಆಗಿತ್ತು. ಮುಂದೆ ಹೋಲಿಸಿ ನೋಡಿದಾಗ ಮಾರ್ಫಿನ್ ಪಡೆದವರಲ್ಲಿ ರೋಗ ಗುರುತಿಸುವಲ್ಲಿ ತಪ್ಪು ಹೆಚ್ಚಾಗಲಿಲ್ಲ. ಇಲ್ಲದ ಅಡ್ಡಪರಿಣಾಮದ ಭಯಕ್ಕೆ ಹಲವು ದಶಕಗಳ ಕಾಲ ರೋಗಿಗಳು ನರಳಿದ್ದರು. ಮೂಳೆ ಮುರಿದು ಹೊರಬಂದವರಿಗೆ, ಸುಟ್ಟ ಗಾಯದವರಿಗೆ ಇಂದಿಗೂ ಮಾರ್ಫಿನ್‌ಗೆ ಸಾಟಿಯಾದದ್ದು ಕಡಿಮೆ. ಉಸಿರಾಟ ಕುಗ್ಗಿದರೆ ನಲಾಕ್ಸೋನ್ ಎಂಬ ಪ್ರತಿಮದ್ದು ಸಿದ್ಧವಿರುವ ಕಡೆ, ಅಳೆದು ಕೊಟ್ಟರೆ ಅದು ಹೆದರಬೇಕಾದ ಮದ್ದೂ ಅಲ್ಲ.

ಹಾಗಾದರೆ ತುರ್ತು ವಿಭಾಗದ ಬಾಗಿಲಲ್ಲಿ ರೋಗಿಯೂ ಮನೆಯವರೂ ಮಾಡಬೇಕಾದ್ದೇನು? ‘ಸ್ಟ್ರಾಂಗ್’ ಇಂಜೆಕ್ಷನ್ ಕೇಳುವ ಮೊದಲು ನಾಲ್ಕು ಮಾತು ಹೇಳಬೇಕು. ದಿನಾ ತೆಗೆದುಕೊಳ್ಳುವ ಮಾತ್ರೆಗಳು ಯಾವುವು, ಸಾಧ್ಯವಾದರೆ ಖಾಲಿ ಪಟ್ಟಿಗಳ ಸಮೇತ. ಹೊರಡುವ ಮುಂಚೆ ಮನೆಯಲ್ಲೋ ಮೆಡಿಕಲ್ ಶಾಪಿನಲ್ಲೋ ಏನು ನುಂಗಿದ್ದಾಯಿತು, ಎಷ್ಟು ಹೊತ್ತಾಯಿತು. ಹಿಂದೆ ಹೊಟ್ಟೆಹುಣ್ಣು, ಮೂತ್ರಪಿಂಡ, ಯಕೃತ್ತು, ಅಸ್ತಮಾದ ತೊಂದರೆ ಇತ್ತೇ, ಹೆಂಗಸರಾದರೆ ಬಸಿರೇ. ಯಾವುದಾದರೂ ಮದ್ದು ಹಿಂದೆ ಒಗ್ಗದೆ ಹೋಗಿತ್ತೇ. ಇದನ್ನೆಲ್ಲ ಹೇಳಲು ಎರಡು ನಿಮಿಷ ಬೇಕು. ಮನೆಗೆ ಹೋಗುವಾಗ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಮಾತ್ರೆ ಎಷ್ಟು ದಿನ? ವಾಂತಿಯಲ್ಲಿ ರಕ್ತ, ಕಪ್ಪು ಮಲ, ಮೂತ್ರ ಕಡಿಮೆಯಾಗುವುದು, ಎಬ್ಬಿಸಿದರೂ ಏಳದಷ್ಟು ಮಂಪರು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಮತ್ತೆ ಆಸ್ಪತ್ರೆಗೆ ಬರಬೇಕು. ಬರುವಾಗ ಹಿಂದಿನ ಚೀಟಿಯನ್ನು ಮರೆಯದೆ ತರಬೇಕು.